ಎಂಟನೇ ಸಾಲಿನ ಪದವೀಧರ

ನಾನು ಬಿ.ಎ. ಪಾಸಾದವನು. ಈ ಸಂಗತಿಯನ್ನು ಯಾರಿಗಾದರೂ ಹೇಳುವ ಮೊದಲು ಸುತ್ತ ಒಮ್ಮೆ ಕಣ್ಣಾಡಿಸಿ, ಬಿಳಿಚೋಡು ಊರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಇದ್ದರೆ ಮಾತು ಬದಲಿಸಿ ಮಳೆಬೆಳೆ ವಿಚಾರಿಸುತ್ತೇನೆ. ಓದು ಏಕಾಂತದಲ್ಲಿ ನಡೆಯಬೇಕಾದ ಕೆಲಸ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರಿಗೆ ಬುಕ್ ಪೋಸ್ಟಿನ ಅನುಭವ ಇದ್ದಂತಿಲ್ಲ. ಮೂವತ್ತೆಂಟು ವರ್ಷದ ಪ್ರಾಥಮಿಕ ಶಾಲೆ ಮೇಷ್ಟ್ರೊಬ್ಬ ಅಂಚೆಯ ಮೂಲಕ ಪದವಿ ಓದಲು ಹೊರಟರೆ ಅದು ಅವನೊಬ್ಬನ ಓದಾಗಿ ಉಳಿಯುವುದಿಲ್ಲ, ಊರಿನ ಓದಾಗುತ್ತದೆ. ಆ ಊರಿನಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿ ಸಾಮಾನ್ಯವಾಗಿ ಅವನೇ ಆಗಿರುತ್ತಾನೆ.

ಎಂಬತ್ತರ ದಶಕದ ಮಾತು. ಮೊದಲು ನಾನು ನಲ್ಲೂರಿನ ಶಾಲೆಯಲ್ಲಿದ್ದೆ. ನನ್ನ ಹೆಂಡತಿ ಗಿರಿಜಳ ತವರು ಚನ್ನಗಿರಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ತಾಯಿಯ ಜೊತೆ ಜಗಳವಾಡಿ, ಸಂಜೆಗೆ ಮನೆ ಸೇರುವಷ್ಟು ಹತ್ತಿರ. ಆಮೇಲೆ ನನಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗವಾಯಿತು. ಅಲ್ಲಿಂದ ಚನ್ನಗಿರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗುವಷ್ಟರಲ್ಲಿ ಜಗಳಕ್ಕೆ ತ್ರಾಣವೇ ಉಳಿಯುತ್ತಿರಲಿಲ್ಲ. ಕಾಗದದಲ್ಲಿ ಬರೆದ ಜಗಳಕ್ಕೆ ರುಚಿಯಿಲ್ಲ ಎಂದು ಗಿರಿಜ ದಿನವೂ ಕೊರಗುತ್ತಿದ್ದಳು. ಚನ್ನಗಿರಿಯ ಹೈಸ್ಕೂಲಿನಲ್ಲಿ ಒಂದು ಜಾಗ ತೆರವಾಗಲಿತ್ತು. ಬಡ್ತಿಗೆ ಬೇಕಾದದ್ದೆಲ್ಲ ನನ್ನ ಹತ್ತಿರ ಇತ್ತು, ಪದವಿಯೊಂದನ್ನು ಬಿಟ್ಟು. ಅದರಲ್ಲೂ ಎರಡು ವರ್ಷ ಹೇಗೋ ದಾಟಿಕೊಂಡಿದ್ದೆ, ಕೊನೆಯ ವರ್ಷ ಮಾತ್ರ ಬಾಕಿ. ಗಿರಿಜ ಪರಿಸ್ಥಿತಿಯನ್ನು ಎರಡು ವಾಕ್ಯದಲ್ಲಿ ನನ್ನ ಮುಂದಿಟ್ಟಳು. "ಪಾಸಾದ್ರೆ ಇಬ್ರೂ ಚನ್ನಗಿರಿಗೆ ಹೋಗಾಣ. ಫೇಲಾದ್ರೆ ನಾನೊಬ್ಳೇ ಹೋಗ್ತೀನಿ." ಅವಳು ತಮಾಷೆ ಮಾಡುವ ಹೆಂಗಸಲ್ಲ.

ಆ ವರ್ಷವೇ ವಿಶ್ವವಿದ್ಯಾಲಯಕ್ಕೆ ಹೊಸ ಹುರುಪು ಬಂದಿತ್ತು. ಇತಿಹಾಸ ಮುಖ್ಯ ವಿಷಯ, ಅದರ ಜೊತೆ ಪಟ್ಟಿಯಲ್ಲಿರುವ ಎರಡು ಹೊಸ ವಿಷಯಗಳನ್ನು ಆರಿಸಿಕೊಳ್ಳಬೇಕು ಎಂದು ಕಾಗದ ಬಂತು. ನಾನು ಗುರುತು ಹಾಕಿದ ಮೊದಲನೆಯದು 'ಕಂಪ್ಯೂಟರ್ ಮತ್ತು ಚಿತ್ರರಚನೆ'. ಮುಂದಿನ ಕಾಲವೆಲ್ಲ ಅದೇ ಎಂದು ನಮ್ಮ ಹೆಡ್ಮಾಸ್ತರರು ಹೇಳಿದ್ದರು. ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಎರಡನೆಯದು 'ವಸ್ತ್ರ ವಿನ್ಯಾಸ'. ಬಟ್ಟೆಯನ್ನು ದಿನವೂ ಉಡುತ್ತೇನಾದ್ದರಿಂದ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಕಂಪ್ಯೂಟರನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಲ್ಲ. ಇದನ್ನು ವಿಶ್ವವಿದ್ಯಾಲಯವೂ ಊಹಿಸಿದ್ದಿರಬೇಕು. ಚೌಕಳಿ ಕಾಗದ, ಪೆನ್ಸಿಲು, ರಬ್ಬರು ಇದ್ದರೆ ಸಾಕು, ಯಂತ್ರ ಅಗತ್ಯವಿಲ್ಲ ಎಂದು ಮೊದಲ ಪುಟದಲ್ಲೇ ಅಭಯ ಕೊಟ್ಟಿತ್ತು. ಕೆರೆಯಿಲ್ಲದೆ ಈಜು ಕಲಿಸುವ ಈ ಧೈರ್ಯ ನನಗೆ ಹಿಡಿಸಿತು.

ಪಾಠಗಳು ಬುಕ್ ಪೋಸ್ಟಿನಲ್ಲಿ ಬರುತ್ತಿದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬುಕ್ ಪೋಸ್ಟಿನ ಲಕೋಟೆಯ ಬಾಯಿಗೆ ಅಂಟು ಹಚ್ಚುವಂತಿಲ್ಲ. ಒಳಗೆ ಅಚ್ಚಾದ ಹಾಳೆ ಇದೆಯೋ ಅಥವಾ ಯಾರಾದರೂ ಖಾಸಗಿ ಕಾಗದ ತುರುಕಿದ್ದಾರೋ ಎಂದು ಇಲಾಖೆಯವರು ಬೇಕಾದಾಗ ನೋಡಬಹುದು. ಬಿಳಿಚೋಡಿನಲ್ಲಿ ಇಲಾಖೆಯೆಂದರೆ ಪೋಸ್ಟ್‌ಮನ್ ತಿಪ್ಪೇಸ್ವಾಮಿ. ಕರ್ತವ್ಯದಲ್ಲಿ ಅಷ್ಟು ನಿಷ್ಠೆಯಿರುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ನಮ್ಮ ಮನೆ ಊರಿನ ಕೊನೆಯಲ್ಲಿತ್ತು. ಅಲ್ಲಿಗೆ ಬರುವ ಮೊದಲು ಅವನು ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ಲುವ ಕಡೆಯ ಹೋಟೆಲಿನಲ್ಲಿ, ಕಂಬಳಿ ನೇಯುವ ಕೆಂಚಜ್ಜನ ಮಗ್ಗದ ಹತ್ತಿರ ತಪ್ಪದೆ ಕೂರುತ್ತಿದ್ದ. ಕೂತ ಕಡೆ ಸುಮ್ಮನಿರುವ ಜಾಯಮಾನ ಅವನದಲ್ಲ.

ಒಂದು ದಿನ ಲಕೋಟೆ ಕೊಡುವಾಗ ಅವನ ಮುಖ ಸಪ್ಪಗಿತ್ತು. "ಹೊಯ್ಸಳರು ಹೋದ್ರು ರೀ, ಮೇಷ್ಟ್ರೇ. ಹೋದ ಪಾಠದಾಗೆ ಚೆನ್ನಾಗೇ ಇದ್ರು, ಪಾಪ," ಎಂದ. ನನಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಕೂಡಲೇ ಮೇಷ್ಟ್ರ ಗತ್ತಿನಲ್ಲಿ, "ತಿಪ್ಪೇಸ್ವಾಮಿ, ನಿನಗೆ ನೋಡುವ ಅಧಿಕಾರ ಇದೆ, ಓದುವ ಅಧಿಕಾರ ಇಲ್ಲ," ಎಂದೆ. ಅವನು ಶಾಂತವಾಗಿಯೇ ಉತ್ತರ ಕೊಟ್ಟ. "ಓದ್ದೆ ಇದ್ರೆ ಇದು ಪಾಠನೋ ಕಾಗದನೋ ಹೆಂಗ್ರೀ ಗೊತ್ತಾಗ್ತೈತೆ? ನಡುವಿನ ಪುಟದಾಗೆ ಯಾರಾದ್ರೂ 'ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೀರಿ' ಅಂತ ಹಾಕಿದ್ರೆ? ಕೊನೇತನಕ ಓದ್ಲೇಬೇಕು." ಅವನು ಓದಿದ್ದು ಗಟ್ಟಿಯಾಗಿ, ಮೂರು ಕಡೆ ಜನರ ನಡುವೆ ಎಂಬುದು ಆಮೇಲೆ ತಿಳಿಯಿತು. ಹೋಟೆಲಿನಲ್ಲಿ ಚಾಲುಕ್ಯರ ಪರ ಒಂದು ಗುಂಪು, ರಾಷ್ಟ್ರಕೂಟರ ಪರ ಒಂದು ಗುಂಪು ಹುಟ್ಟಿ, ಎರಡು ಗುಂಪಿನವರೂ ನನ್ನನ್ನು ಪಂಚಾಯ್ತಿಗೆ ಕರೆದರು. ನಾನಿನ್ನೂ ಆ ಲಕೋಟೆಯನ್ನು ಬಿಚ್ಚಿರಲಿಲ್ಲ. ಶಾಲೆಯ ಕೆಲಸವಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಅಂದು ಭಾನುವಾರವಾಗಿತ್ತು.

ಅಷ್ಟರಲ್ಲಿ ಕಂಪ್ಯೂಟರು ಮತ್ತು ವಸ್ತ್ರ ಎರಡಕ್ಕೂ ಸೇರಿ ಒಂದೇ ಪ್ರಾಯೋಗಿಕ ಅಭ್ಯಾಸ ಬಂತು. ಚೌಕಳಿ ಹಾಳೆಯ ತುಂಬ ಒಂದು ಮತ್ತು ಸೊನ್ನೆ. ಒಂದು ಇದ್ದಲ್ಲಿ ಕಪ್ಪು, ಸೊನ್ನೆ ಇದ್ದಲ್ಲಿ ಬಿಳಿ ಬರುವಂತೆ ಅಂಗೈಯಗಲದ ಮಾದರಿ ನೇಯ್ದು ಕಳಿಸಬೇಕು. ಎಡಕ್ಕೂ ಬಲಕ್ಕೂ ಸಮನಾದ ಒಂದು ಹೂವು ಮೂಡುತ್ತದೆ. ನೇಯ್ಗೆ ನನಗೆ ಬಾರದು. ಹಾಳೆ ಹಿಡಿದು ಕೆಂಚಜ್ಜನ ಹತ್ತಿರ ಹೋದೆ. ಅವನಾಗಲೇ ಅದನ್ನು ತಿಪ್ಪೇಸ್ವಾಮಿಯ ಕೈಯಲ್ಲಿ ನೋಡಿದ್ದ. "ಒಂದು ಅಂದ್ರೆ ಕರಿ, ಸೊನ್ನೆ ಅಂದ್ರೆ ಬಿಳಿ. ನಮ್ಮಪ್ಪ ಇದನ್ನ ಬಾಯಿಲೆಕ್ಕದಾಗೆ ಮಾಡ್ತಿದ್ದ. ಇದ್ಕೆ ಯಂತ್ರ ಯಾಕ್ರೀ ಬೇಕು?" ಎಂದು ಕೇಳಿದ. ಮುಂದಿನ ಕಾಲವೆಲ್ಲ ಅದೇ ಎಂದು ವಿವರಿಸಿದೆ. ಅಜ್ಜ ಹಾಳೆಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. "ಎಂಟನೇ ಸಾಲಿನಾಗೆ ಒಂದು ಎಳೆ ತಪ್ಪೈತೆ ನೋಡ್ರಿ. ಬಲಗಡೆ ದಳ ಮುರೀತೈತೆ. ಸರಿ ಮಾಡಿ ನೇಯ್ಲಾ?"

ಇಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಅಜ್ಜಾ, ಇದು ವಿಶ್ವವಿದ್ಯಾಲಯದವರು ಅಚ್ಚು ಹಾಕಿಸಿದ್ದು. ಇದರಲ್ಲಿ ತಪ್ಪಿರುವುದಿಲ್ಲ. ಇದ್ದ ಹಾಗೇ ನೇಯಿ," ಎಂದೆ. ಅಜ್ಜ ನನ್ನ ಮುಖ ನೋಡಿದ, ಹಾಳೆ ನೋಡಿದ, ಇದ್ದ ಹಾಗೇ ನೇಯ್ದುಕೊಟ್ಟ. ತಿಂಗಳೊಪ್ಪತ್ತಿನಲ್ಲಿ ಮಾದರಿ ಕೆಂಪು ಶಾಯಿಯ ಷರಾದೊಂದಿಗೆ ವಾಪಸು ಬಂತು. 'ಎಂಟನೇ ಸಾಲಿನಲ್ಲಿ ಬೇಕೆಂದೇ ಇಟ್ಟ ತಪ್ಪನ್ನು ವಿದ್ಯಾರ್ಥಿ ಗುರುತಿಸಿಲ್ಲ. ಕೈಕೆಲಸ ಉತ್ತಮವಾಗಿದೆ.' ಕೈಕೆಲಸ ನನ್ನದಲ್ಲ, ನನ್ನದು ತಪ್ಪು ಮಾತ್ರ. ತಪ್ಪನ್ನು ಹುಡುಕಿ ತಿದ್ದಿ ನೇಯಿರಿ ಎಂಬ ಸೂಚನೆ ಕೊನೆಯ ಪುಟದಲ್ಲಿತ್ತಂತೆ. "ನಾನು ಓದಿದ್ದೆ ರೀ. ನಿಮ್ಗೂ ಗೊತ್ತಿರ್ತೈತೆ ಅಂದ್ಕೊಂಡೆ," ಎಂದ ತಿಪ್ಪೇಸ್ವಾಮಿ. ಅವನ ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಇದ್ದದ್ದು ಕನಿಕರ.

ಅಂದು ಸಂಜೆ ಗಿರಿಜ ಅಟ್ಟದಿಂದ ತನ್ನ ಟ್ರಂಕು ಇಳಿಸಿ ಧೂಳು ಒರೆಸತೊಡಗಿದಳು. ನನಗೆ ನಿಜವಾಗಿ ಭಯವಾಯಿತು. ಪರೀಕ್ಷೆಗೆ ಒಂದು ತಿಂಗಳಿತ್ತು, ಬಿಚ್ಚದ ಲಕೋಟೆಗಳು ಒಂದು ಮೊರದಷ್ಟಿದ್ದವು. ಓದಲು ಕೂತರೆ ಎರಡನೇ ಪುಟಕ್ಕೆ ತೂಕಡಿಕೆ. ಅವಳು ಟ್ರಂಕಿನ ಬೀಗ ತಿರುಗಿಸಿ ನೋಡಿ, "ಊರೆಲ್ಲ ಓದಿ ಮುಗಿಸೈತೆ, ನೀವೊಬ್ರೇ ಉಳಿದಿರೋದು. ಏಳ್ರಿ, ಅವರ ಹತ್ರಾನೇ ಹೇಳಿಸ್ಕೊಳ್ರಿ," ಎಂದಳು.

ಹೀಗೆ ನನ್ನ ಪದವಿ ತರಗತಿಗಳು ಶುರುವಾದವು. ಶಾಲೆ ಬಿಟ್ಟ ಮೇಲೆ ದಿನವೂ ಪೋಸ್ಟ್‌ಮನ್ ನಡೆಯುವ ದಾರಿಯಲ್ಲಿ ನಾನು ಮುಂದೆ, ಗಿರಿಜ ಹಿಂದೆ. ಯಾರು ಯಾವ ಪಾಠಕ್ಕೆ ಕೂತಿದ್ದರೋ ಅದು ಮಾತ್ರ ಅವರಿಗೆ ಬರುತ್ತಿತ್ತು. ವಿಜಯನಗರ ಬೇಕಾದರೆ ಗಿರಣಿಗೆ ಹೋಗಬೇಕು. ಚಾಲುಕ್ಯರೂ ರಾಷ್ಟ್ರಕೂಟರೂ ಹೋಟೆಲಿನವರ ಸ್ವತ್ತು. ಒಂದು ಸೊನ್ನೆಗಳಿಗೆ ಕೆಂಚಜ್ಜನೇ ಗತಿ. ಗಿರಣಿಯ ಸದ್ದಿನಲ್ಲಿ ಪಾಠ ಕೇಳಿದವರಾದ್ದರಿಂದ ಅಲ್ಲಿಯವರು ವಿಜಯನಗರವನ್ನು ಕೂಗಿಯೇ ಹೇಳುತ್ತಿದ್ದರು. ಮರುದಿನ ಒಪ್ಪಿಸಬೇಕಿತ್ತು. ತಪ್ಪಿದರೆ ನಾನು ತರಗತಿಯಲ್ಲಿ ಬಳಸುವ ಬೈಗುಳಗಳನ್ನೇ, ತಮ್ಮ ಮಕ್ಕಳ ಮೂಲಕ ಕಲಿತು, ನನಗೆ ವಾಪಸು ಕೊಡುತ್ತಿದ್ದರು.

ಪರೀಕ್ಷೆ ಹೊನ್ನಾಳಿಯಲ್ಲಿ. ನ್ಯಾಮತಿಯಲ್ಲಿ ಗಿರಿಜಳ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಹೋಗಿ ಬರೆದೆ. ಪ್ರಶ್ನೆ ನೋಡಿದ ಕೂಡಲೇ ಮನಸ್ಸಿನಲ್ಲೇ ಬಿಳಿಚೋಡಿನ ಬೀದಿ ಹಿಡಿದು ನಡೆದು, ಹೋಟೆಲಿನ ಬೆಂಚಿನ ಮೇಲೆ ಕೂತು, ಉತ್ತರ ಕೇಳಿಕೊಂಡು ಬರುತ್ತಿದ್ದೆ. ಹೊಯ್ಸಳರ ಅವನತಿಯ ಉತ್ತರದ ಕೊನೆಗೆ 'ಪಾಪ' ಎಂದು ಬರೆದದ್ದು ಹೊರಗೆ ಬಂದ ಮೇಲೆ ನೆನಪಾಯಿತು. ಅದಕ್ಕೆ ಅಂಕ ಕಳೆದರೋ ಕೊಟ್ಟರೋ ತಿಳಿಯದು. ಪಾಸಾದೆ. ಮೂರನೇ ದರ್ಜೆ, ಅದಕ್ಕಿಂತ ಕೆಳಗೆ ದರ್ಜೆಯಿರಲಿಲ್ಲ. ಬಡ್ತಿಯ ಆರ್ಡರು ಮಾತ್ರ ರಿಜಿಸ್ಟರ್ಡ್ ಅಂಚೆಯಲ್ಲಿ, ಅಂಟಿಸಿ ಬಂತು. ತಿಪ್ಪೇಸ್ವಾಮಿ ಸಹಿ ಹಾಕಿಸಿಕೊಂಡ ಮೇಲೂ ಹೋಗದೆ ಬಾಗಿಲಲ್ಲೇ ನಿಂತ. ಬಿಚ್ಚಿ ಅವನ ಕೈಗೇ ಕೊಟ್ಟೆ. ಅವನು ಗಟ್ಟಿಯಾಗಿ ಓದಿದ. 'ಚನ್ನಗಿರಿ' ಎಂಬಲ್ಲಿಗೆ ಬಂದಾಗ ಗಿರಿಜ ಅತ್ತಳು, ಅವನು ಆ ಸಾಲನ್ನು ಇನ್ನೊಮ್ಮೆ ಓದಿದ.

ಹೊರಡುವ ದಿನ ಗಿರಣಿಯವರು, ಹೋಟೆಲಿನವರು ಎಲ್ಲ ಸೇರಿದರು. ಕೆಂಚಜ್ಜ ಒಂದು ಕಂಬಳಿ ಹೊದಿಸಿದ. ಅದರ ಒಂದು ಅಂಚಿನಲ್ಲಿ ಅದೇ ಹೂವು, ಕಪ್ಪು ಬಿಳುಪಿನಲ್ಲಿ. "ಮೇಷ್ಟ್ರೇ, ತಪ್ಪೇನಾರ ಐತಾ ನೋಡ್ರಿ," ಎಂದ. ನನಗೆ ಕಣ್ಣು ತುಂಬಿ ಬಂದಿತ್ತು. ಪದವೀಧರನ ಗಾಂಭೀರ್ಯದಿಂದ ಅಂಚನ್ನು ಆ ತುದಿಯಿಂದ ಈ ತುದಿಯವರೆಗೆ ಪರಿಶೀಲಿಸಿ, "ಎಲ್ಲೂ ಇಲ್ಲ ಅಜ್ಜಾ, ಭೇಷ್!" ಎಂದೆ. ಗಿರಿಜ ನನ್ನ ಕಿವಿಯ ಹತ್ತಿರ ಬಂದು, "ಎಂಟನೇ ಸಾಲು," ಎಂದಳು.

ಆ ಕಂಬಳಿ ಈಗ ಚನ್ನಗಿರಿಯ ನಮ್ಮ ಮನೆಯಲ್ಲಿದೆ. ಮನೆಗೆ ಬಂದವರಿಗೆ ಅದನ್ನೇ ಹಾಸಬೇಕೆಂದು ಗಿರಿಜಳ ಕಟ್ಟಪ್ಪಣೆ. ಹಾಸಿದ ಕೂಡಲೇ ಹೂವಿನ ಅಂಚಿನ ಮೇಲೆ, ಮುರಿದ ದಳವಿರುವ ಕಡೆಗೇ ಹೋಗಿ ನಾನು ಕೂತುಬಿಡುತ್ತೇನೆ. ಅತಿಥಿಗಳು ಇದನ್ನು ಸರಳತೆ ಎಂದು ತಿಳಿಯುತ್ತಾರೆ. ಮೊನ್ನೆ ಯಾರದೋ ಮದುವೆಗೆಂದು ಚನ್ನಗಿರಿಗೆ ಬಂದ ತಿಪ್ಪೇಸ್ವಾಮಿ ನಮ್ಮ ಮನೆಗೂ ಬಂದ. ನಾನು ಎಂದಿನಂತೆ ಓಡಿ ಹೋಗಿ ನನ್ನ ಜಾಗ ಹಿಡಿದೆ. ಅವನು ಎದುರಿಗೆ ಕೂತು ಊರಿನ ಸಮಾಚಾರವೆಲ್ಲ ಹೇಳಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹಿಂತಿರುಗಿ ಬಲು ವಿನಯದಿಂದ ಕೇಳಿದ:

"ಎಂಟನೇ ಸಾಲು ಬೆಚ್ಚಗೈತೇನ್ರೀ, ಮೇಷ್ಟ್ರೇ?"