ಎಮ್ಮೆಯ ತೇಗು ಯಾರ ಲೆಕ್ಕಕ್ಕೆ?

ಶಿಸ್ತಿನ ಮನುಷ್ಯನ ಕೈಗೆ ಜಗತ್ತಿನ ಸಮಸ್ಯೆ ಸಿಗಬಾರದು. ಸಿಕ್ಕರೆ ಅವನು ಅದನ್ನು ಮನೆಗೆ ತರುತ್ತಾನೆ. ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಸಾಲು ನೆಟ್ಟಗಿರಬೇಕು, ಸೀಟಿ ಊದಿದಾಗ ಕಾಲು ಏಳಬೇಕು. ಇಷ್ಟೇ ನನ್ನ ವಿದ್ಯೆ. ನಿವೃತ್ತಿಯ ಮೇಲೆ ಸಾಲಿನಲ್ಲಿ ನಿಲ್ಲಿಸಲು ಹುಡುಗರಿಲ್ಲದೆ ಮನೆಯ ಚಪ್ಪಲಿಗಳನ್ನು ನಿಲ್ಲಿಸುತ್ತಿದ್ದೆ. ಅಂಥ ದಿನಗಳಲ್ಲಿ ವಾಚನಾಲಯದಲ್ಲಿ ಭೂಮಿ ಬಿಸಿಯಾಗುತ್ತಿರುವ ಸುದ್ದಿ ಓದಿದೆ. ದೇಶಗಳೆಲ್ಲ ಜಪಾನಿನಲ್ಲಿ ಸೇರಿ, ಯಾರು ಎಷ್ಟು ಹೊಗೆ ಬಿಡುತ್ತಾರೆಂದು ಲೆಕ್ಕ ಹಾಕಿ, ಅದನ್ನು ಕಡಿಮೆ ಮಾಡಲು ಒಪ್ಪಂದ ಮಾಡಿಕೊಂಡಿದ್ದವಂತೆ. ದೇಶವಾರು ಲೆಕ್ಕ, ಅದರೊಳಗೆ ವಿದ್ಯುತ್ತು, ಸಾರಿಗೆ, ಕಾರ್ಖಾನೆ, ಕೃಷಿ ಎಂದು ವಿಭಾಗವಾರು ಲೆಕ್ಕ. ಓದುತ್ತಿದ್ದಂತೆ ಮೈದಾನದಲ್ಲಿ ತಂಡಗಳು ಬಂದು ನಿಂತ ಹಾಗಾಗಿ ನನಗೆ ಬಹಳ ಹಿತವೆನಿಸಿತು.

ಮನೆಗೆ ಬಂದವನೇ ನಮ್ಮ ಸಂಸಾರವನ್ನೂ ಹಾಗೆಯೇ ವಿಂಗಡಿಸಿದೆ. ಸಾರಿಗೆ ಎಂದರೆ ನನ್ನ ಹಳೆಯ ಸ್ಕೂಟರು. ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಒದ್ದು, ಆಮೇಲೆ ಬೇಡಿಕೊಂಡರೆ ಶುರುವಾಗುತ್ತಿತ್ತು. ಶುರುವಾದ ಮೇಲೆ ಓಣಿಯಲ್ಲಿ ಸ್ವಲ್ಪ ಹೊತ್ತು ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ಕರೆಂಟು ಅರ್ಧ ದಿನ ಬರುತ್ತಲೇ ಇರಲಿಲ್ಲವಾದ್ದರಿಂದ ವಿದ್ಯುತ್ತಿನ ವಿಭಾಗದಲ್ಲಿ ನಾವು ಮುಂದುವರಿದ ದೇಶಗಳಿಗೇ ಮಾದರಿ. ಕಾರ್ಖಾನೆ ಎಂದರೆ ಬಚ್ಚಲಿನ ಹಂಡೆಯ ಕೆಳಗಿನ ಒಲೆ. ಕೃಷಿ ವಿಭಾಗದಲ್ಲಿ ಒಬ್ಬಳೇ ಇದ್ದಳು: ಹಿತ್ತಲಿನ ಎಮ್ಮೆ ಕರೆವ್ವ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟಿ ತೇಗಿನೊಂದಿಗೆ ಹೊರಬೀಳುತ್ತದೆ, ಅದು ಸಾಮಾನ್ಯ ಹೊಗೆಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ ಎಂದು ಪತ್ರಿಕೆಯಲ್ಲಿತ್ತು. ಕರೆವ್ವ ಹಗಲಿಡೀ ಮಾಡುತ್ತಿದ್ದುದು ಅದೊಂದೇ ಕೆಲಸ.

ಕರೆವ್ವನ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಬೆಳಗಿನ ಆರಕ್ಕೆ ಚಹ ಎಂಬ ನನ್ನ ನಿಯಮವನ್ನು ಅವಳು ಒಪ್ಪಿರಲಿಲ್ಲ, ಅಷ್ಟೇ. ಮನಸ್ಸು ಬಂದಾಗ ಹಾಲು ಕೊಡುತ್ತಿದ್ದಳು. ಆದರೆ ಅವಳು ನನ್ನ ಹೆಂಡತಿ ನೀಲವ್ವನ ತವರಿನ ಎಮ್ಮೆ. ಕರೆವ್ವನ ಅಜ್ಜಿ ನಮ್ಮ ಮದುವೆಯಲ್ಲಿ ಸುರೇಬಾನದಿಂದ ಬಳುವಳಿಯಾಗಿ ಬಂದದ್ದು. ಇದ್ದ ಒಬ್ಬ ಅಣ್ಣನೂ ತೀರಿಕೊಂಡ ಮೇಲೆ ನೀಲವ್ವನಿಗೆ ಆ ಊರಿನದೆಂದು ಉಳಿದದ್ದು ಈ ಒಂದು ಜೀವ. ತವರಿನ ನೆನಪಾದಾಗ ಅವಳು ಹಿತ್ತಲಿಗೆ ಹೋಗಿ ಅದರ ಮೈ ಉಜ್ಜುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ಬಾಯಿಬಿಟ್ಟೆ.

"ಕರೆವ್ವನ್ನ ಕೊಟ್ಟುಬಿಡೂಣು."

ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾಕ್ರಿ, ಏನ್ ಮಾಡೇತಿ ಅದು?"

"ತೇಗತೈತಿ. ಅದರಿಂದ ಭೂಮಿ ಕಾಯಾಕ ಹತ್ತೈತಿ."

"ನಿಮ್ಮ ಸ್ಕೂಟರ ಏನ್ ಊದಿನಕಡ್ಡಿ ಹಚ್ಚತೈತೇನು? ಹೊಗಿ ಕಡಿಮಿ ಮಾಡ್ರಿ ಅಂತ ಬರದದ್ದನ್ನ ಓದಾಕ ದಿನಾ ಹೊಗಿ ಬಿಟಗೊಂತ ಹೋಗತೀರಿ."

ಅದು ಬೇರೆ ವಿಭಾಗ ಎಂದೆ.

"ಕರೆವ್ವ ಹಾಲು ಕೊಟ್ಟು ತೇಗತಾಳ. ನೀವು ಬರೇ ಉಂಡು ತೇಗತೀರಿ. ಮೊದಲ ನಿಮ್ಮ ವಿಭಾಗ ನೋಡಕೋರಿ."

ದೇಶಗಳ ನಡುವೆಯೂ ಇದೇ ಜಗಳ ನಡೆದಿತ್ತೆಂದು ಆಮೇಲೆ ಓದಿದೆ. ಇಷ್ಟು ಕಾಲ ಹೊಗೆ ಬಿಟ್ಟವರು ನೀವು, ಮೊದಲು ನೀವು ಕಡಿಮೆ ಮಾಡಿ ಎಂದು ಬಡ ದೇಶಗಳು. ಎಲ್ಲರೂ ಸೇರಿಯೇ ಕಡಿಮೆ ಮಾಡೋಣ ಎಂದು ಶ್ರೀಮಂತ ದೇಶಗಳು. ಆದರೆ ಅಲ್ಲಿ ಚಹ ಕೊಡುವವರು ಬೇರೆ ಇದ್ದರು. ನನಗೆ ಎದುರು ಪಕ್ಷದವರೇ ಚಹ ಕೊಡಬೇಕಾಗಿತ್ತು. ಕೆಲವು ದಿನ ಹಾಲಿಲ್ಲದ ಚಹ ಕುಡಿದು, ದಿನವೂ ತೇಗಿನ ವಿಷಯ ತೆಗೆದೆ. ಕೊನೆಗೊಮ್ಮೆ ಅವಳೇ, "ಕೊಟ್ಟುಬಿಡ್ರಿ. ದಿನಾ ಆ ಮೂಕ ಪ್ರಾಣೀನ ಬೈಯೂದು ಕೇಳೂದಕ್ಕಿಂತ ಅದ ಚಲೋ" ಎಂದು ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ಗೆದ್ದವನು ನಾನು, ಊಟ ಮಾತ್ರ ಸೇರಲಿಲ್ಲ. ಆದರೂ ಸಂಪಗಾಂವದ ಹಾಲಿನ ವ್ಯಾಪಾರಿ ಈರಪ್ಪನಿಗೆ ಹೇಳಿಕಳಿಸಿದೆ.

ಈರಪ್ಪ ಬಂದ. ಕರೆವ್ವನ ಹಲ್ಲು ನೋಡಿದ, ಕೆಚ್ಚಲು ನೋಡಿದ, ಬಾಲ ಎತ್ತಿ ನೋಡಿದ. ಆಮೇಲೆ ನನ್ನ ಕೈಮೇಲೆ ತನ್ನ ಟವೆಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳತೊಡಗಿದ. ನಮ್ಮ ಕಡೆ ದನದ ವ್ಯಾಪಾರ ನಡೆಯುವುದೇ ಹೀಗೆ. ಬೆಲೆ ಗುಟ್ಟಿನಲ್ಲಿ, ಆದರೆ ಐಬು ಬಹಿರಂಗವಾಗಿ ಹೇಳಬೇಕು. ಒದೆಯುತ್ತದೆ, ಹಗ್ಗ ಹರಿಯುತ್ತದೆ, ಮೈಮೇಲಿನ ಸುಳಿ ಸರಿಯಿಲ್ಲ, ಏನಿದ್ದರೂ ಮಾರುವವನು ಮುಚ್ಚಿಡುವಂತಿಲ್ಲ.

"ಐಬು ಏನರ ಐತೇನ್ರಿ ಸರ?"

"ಒಂದೈತಿ. ತೇಗತೈತಿ."

ಟವೆಲಿನ ಕೆಳಗೆ ಅವನ ಬೆರಳು ಸಡಿಲವಾದವು. "ಹೊಟ್ಟಿ ಉಬ್ಬರೇನ್ರಿ?"

"ಅಲ್ಲ, ಸಾದಾ ತೇಗು. ಆದ್ರ ಅದರಾಗಿನ ಗ್ಯಾಸು ಭೂಮಿಗೆ ಚಲೋ ಅಲ್ಲ."

ಈರಪ್ಪ ಒಮ್ಮೆ ಎಮ್ಮೆಯನ್ನು, ಒಮ್ಮೆ ನನ್ನನ್ನು ನೋಡಿದ. ಯಾರಿಗೆ ಔಷಧ ಬೇಕಾಗಿದೆಯೆಂದು ಅವನಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ. "ನಮ್ಮ ಸಂಪಗಾಂವದ ಭೂಮಿಗೆ ನಡೀತೈತೇನ್ರಿ ಸರ?"

ಅಷ್ಟರಲ್ಲಿ ನೀಲವ್ವ ಹಿತ್ತಲ ಬಾಗಿಲಿನಿಂದ ಕೇಳಿದಳು. "ಈರಪ್ಪಾ, ನಾಳಿಂದ ನಮಗ ಹಾಲು ಯಾರು ಹಾಕವರು?"

"ನಾನ ಹಾಕತೇನ್ರಿ ಅಕ್ಕಾರ. ಮುಂಜಾನೆ ಗಾಡಿ ಮ್ಯಾಲ ತಂದು ಕೊಡತೇನಿ."

"ಯಾವ ಎಮ್ಮಿದು?"

"ಇದರದ ಕೊಡೂಣ ಬಿಡ್ರಿ. ನಿಮಗ ರೂಢಿ ಇದ್ದದ್ದು."

"ಚಲೋ ಆತು ನೋಡ್ರಿ," ಎಂದಳು ನನಗೆ. "ತೇಗು ಅವರ ಊರಿಗೆ, ಹಾಲು ನಮ್ಮ ಚಹಕ್ಕ."

ಅದೇ ಎಮ್ಮೆ, ಅದೇ ತೇಗು, ನನ್ನ ಬಟ್ಟಲಿನಲ್ಲಿ ಅದೇ ಹಾಲು. ಹೊಸದಾಗಿ ಸೇರುವುದು ಈರಪ್ಪನ ಮೋಟರ್ ಸೈಕಲ್ಲಿನ ಹೊಗೆ. ಶ್ರೀಮಂತ ದೇಶಗಳೂ ಕಾರ್ಖಾನೆಯನ್ನು ಬೇರೆಯವರ ಊರಿಗೆ ಕಳಿಸಿ, ಸಾಮಾನು ತರಿಸಿಕೊಂಡು, ತಮ್ಮ ಲೆಕ್ಕವನ್ನು ಸ್ವಚ್ಛ ಮಾಡಿಕೊಳ್ಳುತ್ತವೆಯಂತೆ. ಅಷ್ಟು ಶ್ರೀಮಂತಿಕೆ ನನಗಿರಲಿಲ್ಲ. ಟವೆಲಿನಿಂದ ಕೈ ಎಳೆದುಕೊಂಡೆ. ಈರಪ್ಪ ಚಹ ಕುಡಿದು, "ಎಮ್ಮಿ ಚಲೋ ಐತ್ರಿ ಅಕ್ಕಾರ, ಸರನ್ನ ಸ್ವಲ್ಪ ನೋಡಕೋರಿ" ಎಂದು ಹೇಳಿ ಹೋದ.

ಆದರೆ ಡ್ರಿಲ್ ಮಾಸ್ತರ ಹಿಂದೆ ತಿರುಗಿದರೂ ಸುಮ್ಮನೆ ನಿಲ್ಲುವುದಿಲ್ಲ. ತೇಗನ್ನು ಹಿಡಿಯಲಾಗದಿದ್ದರೆ ಸಗಣಿಯನ್ನಾದರೂ ಹಿಡಿಯೋಣ, ಗೋಬರ್ ಗ್ಯಾಸ್ ಮಾಡಿದರೆ ಕಟ್ಟಿಗೆಯ ಹೊಗೆ ತಪ್ಪುತ್ತದೆ ಎಂದೆ. ನೀಲವ್ವ ಎರಡು ಷರತ್ತು ಹಾಕಿದಳು: ಕರೆವ್ವನ ಮಾತು ಮತ್ತೆ ಎತ್ತಬಾರದು, ಸಗಣಿ ಕಲಸುವ ಕೆಲಸ ನನ್ನದು. ನಾನು ಮಾತು ಕೊಟ್ಟೆ. ಗುಂಡಿ ತೋಡಲು ಬಂದ ಗೌಂಡಿ ಹಿತ್ತಲು ನೋಡಿ, "ಒಂದ ಎಮ್ಮಿ ಸಗಣಿಗೆ ಒಲಿ ಹತ್ತೂದಿಲ್ರಿ ಸರ. ಇನ್ನೆರಡರ ಬೇಕು" ಎಂದ. ನೀಲವ್ವ ಮುಖ ಆ ಕಡೆ ತಿರುಗಿಸಿದಳು. ನಗುತ್ತಿದ್ದಳೆಂದು ಅವಳ ಬೆನ್ನು ನೋಡಿಯೇ ತಿಳಿಯಿತು.

ಸವದತ್ತಿಯ ಸಂತೆಯಿಂದ ಎರಡು ಎಮ್ಮೆ ಬಂದವು. ಆರಿಸಿದವಳು ನೀಲವ್ವ, ಹಗ್ಗ ಹಿಡಿದವನು ನಾನು. ಈಗ ಒಲೆ ಹೊಗೆಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ಹಿತ್ತಲಿನಲ್ಲಿ ಒಬ್ಬಳು ತೇಗುತ್ತಿದ್ದಲ್ಲಿ ಮೂವರು ಸರದಿಯ ಮೇಲೆ ತೇಗುತ್ತಾರೆ.

"ಒಟ್ಟ ಎಷ್ಟ ಕಡಿಮಿ ಆತ್ರಿ?" ಎಂದು ನೀಲವ್ವ ಆಗಾಗ ಕೇಳುತ್ತಾಳೆ.

"ಲೆಕ್ಕ ಹಾಕಾಕ ಹತ್ತೇನಿ," ಎನ್ನುತ್ತೇನೆ.

ಮೊನ್ನೆ ವಾಚನಾಲಯಕ್ಕೆ ಹೋದಾಗ, ದೊಡ್ಡ ದೇಶವೊಂದು ಈ ಒಪ್ಪಂದ ತನಗೆ ಒಗ್ಗದೆಂದು ಹೊರಗೆ ಹೋದ ಸುದ್ದಿ ಇತ್ತು. ಪಕ್ಕದಲ್ಲಿ ಕೂತವರು ಆ ದೇಶವನ್ನು ಬೈಯುತ್ತಿದ್ದರು. ನಾನು ಬೈಯಲಿಲ್ಲ. ಒಪ್ಪಂದ ಮುರಿದ ಮೇಲೂ ಅವರಿಗೆ ಊಟ ಹಾಕುವವರು ಇರುತ್ತಾರೆ. ನಾನು ಪತ್ರಿಕೆ ಮಡಚಿಟ್ಟು ಬೇಗ ಎದ್ದೆ. ಎಮ್ಮೆಗಳಿಗೆ ನೀರು ತೋರಿಸುವ ಹೊತ್ತಾಗಿತ್ತು. ನಾನು ಸ್ವಲ್ಪ ತಡ ಮಾಡಿದರೂ ಮೂರೂ ಒಟ್ಟಿಗೆ ಕೂಗುತ್ತವೆ.