ಕರೆಂಟ್ ಹೋದಾಗ ಕಾಕಾನ ಒಮ್ಮತ

ನಮ್ಮ ಕಾಕಾ ಹುಟ್ಟಿದಾಗಿನಿಂದ ಯಾರ ಜೊತೆಗೂ ಜಗಳವಾಡಿಲ್ಲ. ಅದರಿಂದ ನಮ್ಮ ಮನೆಮಂದಿಗೆ ಆಗಿರುವಷ್ಟು ತ್ರಾಸು ಬನಹಟ್ಟಿಯ ಯಾವ ಜಗಳಗಂಟನ ಮನೆಮಂದಿಗೂ ಆಗಿರಲಿಕ್ಕಿಲ್ಲ! ಜಗಳಗಂಟನಾದರೆ ಒಂದು ಗಳಿಗೆ ಕೂಗಾಡಿ ಉಂಡು ಮಲಗುತ್ತಾನೆ. ನಮ್ಮ ಕಾಕಾನಿಗೆ ಎಲ್ಲರೂ ಒಪ್ಪಬೇಕು. ಎಲ್ಲರೂ ಅಂದರೆ ಎಲ್ಲರೂ. ಅಲ್ಲಿಯತನಕ ಆತ ಉಣ್ಣುವುದಿಲ್ಲ, ನಮ್ಮನ್ನೂ ಉಣ್ಣಗೊಡುವುದಿಲ್ಲ.

ಕಾಕಾ ಒಂದು ರಾಜಕೀಯ ಪಕ್ಷದ ಹಳೆಯ ಕಾರ್ಯಕರ್ತ. ಯಾವ ಪಕ್ಷ ಅಂತ ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಎದ್ದು ಹೋಗುತ್ತೀರಿ, ಒಮ್ಮತ ಕೆಡುತ್ತದೆ. ನಮ್ಮ ಮನೆಯ ಪಡಸಾಲೆಯೇ ವಾರ್ಡಿನ ಪಕ್ಷದ ಕಚೇರಿ. ಸಭೆಗೆ ಜಮಖಾನೆ ಹಾಸುವವನು ಕಾಕಾ, ಮುಗಿದ ಮೇಲೆ ಝಾಡಿಸಿ ಮಡಚುವವನೂ ಕಾಕಾ. ಕುರ್ಚಿಯ ಮೇಲೆ ಕೂತ ಆತನ ಫೋಟೊ ಒಂದೂ ಇಲ್ಲ. ಚಹಾ ಕೂಡ ಎಲ್ಲರದೂ ಆದ ಮೇಲೆ ಕಿಟ್ಲಿಯ ತಳದಲ್ಲಿ ಉಳಿದದ್ದನ್ನೇ ಕುಡಿಯುತ್ತಾನೆ.

ಪಡಸಾಲೆಯ ಗೋಡೆಯಾಚೆಗೆ ನಮ್ಮ ವಿದ್ಯುತ್ ಮಗ್ಗಗಳು. ಮಗ್ಗದ ಸಪ್ಪಳದಲ್ಲಿ ಬೆಳೆದ ನಮ್ಮ ಊರಿನವರ ದನಿ ಹೇಗಿರುತ್ತದೆಂದರೆ, ಬೀಗರು ಬಂದರೆ "ಯಾಕ್ರಿ, ಏನಾತು, ಯಾಕ ಬಡದಾಡಾಕತ್ತೀರಿ?" ಎಂದು ಗಾಬರಿಯಾಗುತ್ತಾರೆ. ನಾವು ಉಪ್ಪು ಕೊಡು ಅಂದಿರುತ್ತೇವೆ, ಅಷ್ಟೆ! ಮಗ್ಗದ ಹತ್ತಿರವಂತೂ ಕೂಗಿದರೂ ಕೇಳದು, ತುಟಿ ನೋಡಿಯೇ ಮಾತು ತಿಳಿಯಬೇಕು. ಈ ವಿದ್ಯೆಯಲ್ಲಿ ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ದೊಡ್ಡ ಪಂಡಿತೆ. ಕಾಕಾ ಆಚೆ ತುದಿಯಲ್ಲಿ ತನ್ನಷ್ಟಕ್ಕೆ ಗೊಣಗಿದರೂ ಈಚೆ ತುದಿಯಿಂದ ತಕ್ಕ ಉತ್ತರ ಕೊಡುತ್ತಾಳೆ.

ಪಕ್ಷದ ಜಗಳಗಳಿಗೆಲ್ಲ ಮೂಲ ಈ ದೊಡ್ಡ ದನಿಯೇ ಎಂದು ಕಾಕಾ ಎಂದೋ ಕಂಡುಹಿಡಿದುಬಿಟ್ಟ. ಹೀಗಾಗಿ ಆತನ ಮೊದಲ ನಿಯಮ: ಕರೆಂಟ್ ಹೋಗಿ ಮಗ್ಗ ನಿಂತಾಗ ಮಾತ್ರ ಸಭೆ, ಕರೆಂಟ್ ಬಂದ ಮೇಲೆ ಆಡಿದ ಮಾತು ಲೆಕ್ಕಕ್ಕಿಲ್ಲ. ಎರಡನೆಯದು: ವಿರೋಧಿಸುವವನು ಮೊದಲು ಎದುರಿನವನ ಮಾತನ್ನು ತಾನೇ ಹೇಳಿ ತೋರಿಸಬೇಕು. ಅವನು "ಹೌದು, ಇದನ್ನ ನಾ ಹೇಳಿದ್ದು" ಅಂದ ಮೇಲೆಯೇ ತನ್ನ ಮಾತು. ಮೂರನೆಯದು: ಒಮ್ಮತ ಆಗುವತನಕ ಚಹಾ ಇಲ್ಲ. ಕರೆಂಟ್ ಹೋದರೆ ಊರಿನ ನೇಕಾರರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರೆ ಕಾಕಾ ಮಾತ್ರ ಧೋತರದ ಚುಂಗು ಹಿಡಿದು "ಬರ್ರಿ, ಬರ್ರಿ, ಮೀಟಿಂಗ್ ಐತಿ!" ಎಂದು ಓಣಿಯ ತುಂಬ ಓಡುತ್ತಾನೆ. ನನ್ನ ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ಠರಾವು ಬರೆಯುವ ಕೆಲಸ ನನಗೆ ಬಂತು. "ಸಭೆಯು ಸರ್ವಾನುಮತದಿಂದ" ಅನ್ನುವಲ್ಲಿಗೆ ಬಂದು, ಕರೆಂಟ್ ಬಂದದ್ದರಿಂದ ನಿಂತುಹೋದ ಹಾಳೆಗಳು ಆ ಪುಸ್ತಕದಲ್ಲಿ ಎಷ್ಟು ಅಂತೀರಿ!

ಈ ನಿಯಮಗಳು ಪಕ್ಷಕ್ಕೇ ಸೀಮಿತವಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಒಂದು ಮುಂಜಾನೆ ಮನೆಯಲ್ಲಿ ನಾಷ್ಟಾಕ್ಕೆ ಉಪ್ಪಿಟ್ಟೋ ಚುರುಮುರಿಯ ಸುಸಲಾನೋ ಎಂಬ ಮಾತು ಬಂತು. "ಉಪ್ಪಿಟ್ಟ ಬೇಕನ್ನವರು ಮದಲ ಸುಸಲಾದ ಪರ ಮಾತಾಡ್ರಿ" ಎಂದ ಕಾಕಾ. ಉಪ್ಪಿಟ್ಟು ಬೇಕೆಂದಿದ್ದ ನನ್ನ ಹೆಂಡತಿ ಸುಸಲಾದ ಪರ ಎಷ್ಟು ಛಲೋ ಮಾತಾಡಿದಳೆಂದರೆ ಸುಸಲಾದವರೆಲ್ಲ ಖುಷಿಯಾಗಿ ಉಪ್ಪಿಟ್ಟಿನ ಕಡೆ ಬಂದರು. ಅಷ್ಟರಲ್ಲಿ ಆಕೆ ಸುಸಲಾದ ಕಡೆ ಹೋಗಿದ್ದಳು. ಮಧ್ಯಾಹ್ನ ಕಾಕು ರೊಟ್ಟಿ ಬುಟ್ಟಿ ತಂದು ನಡುವೆ ಕುಕ್ಕಿದಳು. ಎಲ್ಲರೂ ಒಮ್ಮತದಿಂದ ಅದರ ಮೇಲೆ ಬಿದ್ದೆವು.

ಇನ್ನೊಮ್ಮೆ ಬೀಳಗಿಯಲ್ಲಿ ಪಕ್ಷದ ಎರಡು ಗುಂಪುಗಳಿಗೆ ಮಾತುಕತೆಯೇ ಇಲ್ಲವೆಂದು ಕಾಕಾನನ್ನು ಸಂಧಾನಕ್ಕೆ ಕರೆಸಿದರು. ಎರಡು ದಿನ ಬಿಟ್ಟು ಬಂದವನ ಮುಖದಲ್ಲಿ ಬೆಳಕೋ ಬೆಳಕು.

"ಒಮ್ಮತ ಆತೇನ ಕಾಕಾ?"

"ಆಗಲಾರದೇನು! ಎರಡೂ ಗುಂಪಿನವರು ಜೋಡಿಲೇ ಕುಂತು, ಒಂದ ಕಾಗದದ ಮ್ಯಾಲ ಸಹಿ ಮಾಡ್ಯಾರ!"

ಕಾಗದ ನೋಡಿದೆ. ಇನ್ನು ಮುಂದೆ ಈ ಹಿರಿಯರನ್ನು ಬೀಳಗಿಗೆ ಕರೆಸಬಾರದು ಎಂದಿತ್ತು. ಕಾಕಾ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ.

ಕಾಕು ಮಾತ್ರ ಆಗಾಗ ಸಿಟ್ಟಿಗೇಳುತ್ತಿದ್ದಳು. "ಊರ ಮಂದಿ ಮಾತೆಲ್ಲಾ ನಿಮ್ಮ ಬಾಯಾಗ ಬರತಾವು. ನಿಮ್ಮ ಬಗ್ಗೆ ಯಾರರ ಒಂದ ಛಲೋ ಮಾತ ಆಡ್ಯಾರೇನ್ರಿ? ಒಂದರ ನನ್ನ ಕಿವಿಗೆ ಬಿದ್ದಿಲ್ಲ."

"ನಂದೇನ ಐತಿ ಆಡೂದು, ಹೋಗ" ಎನ್ನುತ್ತ ಕಾಕಾ ಜಮಖಾನೆ ಝಾಡಿಸುತ್ತಿದ್ದ.

ಈ ಸಲ ನಗರಸಭೆ ಚುನಾವಣೆ ಬಂತು. ನಮ್ಮ ವಾರ್ಡಿನ ಟಿಕೆಟ್ಟಿಗೆ ಇಬ್ಬರು: ಸೀರೆ ವ್ಯಾಪಾರದ ಸಾವಕಾರರು ಮತ್ತು ಹಿಟ್ಟಿನ ಗಿರಣಿಯ ಅಣ್ಣಾರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ತಮ್ಮ ಮಂದಿಯನ್ನೆಲ್ಲ ಕಟ್ಟಿಕೊಂಡು ಪಕ್ಷ ಬಿಡುವವರೇ. ಜಮಖಂಡಿಯಿಂದ ಮುಖಂಡರ ಫೋನು ಬಂತು: "ಇವತ್ತ ನಾಕ ಗಂಟೆದೊಳಗ ಒಂದ ಹೆಸರ ಕಳಸ್ರಿ. ಇಲ್ಲಂದ್ರ ನಾವ ಹೊರಗಿನವನ್ನ ತಂದ ನಿಲ್ಲಸ್ತೀವಿ." ಕಾಕಾ ಕಟ್ಟಿಕೊಂಡು ಬಂದ ಪಕ್ಷದ ಸಂಸಾರ ಒಡೆಯುವ ಹೊತ್ತು ಅದು. ಪುಣ್ಯಕ್ಕೆ ಅಂದು ಲೈನ್ ರಿಪೇರಿ, ನಾಲ್ಕರತನಕ ಕರೆಂಟ್ ಇಲ್ಲ. ಇಡೀ ದಿನ ಸಪ್ಪಳವಿಲ್ಲದ ಸಭೆ! ಕಾಕಾ ದೇವರಿಗೆ ಎರಡು ಸಲ ಕೈಮುಗಿದ.

ಮೊದಲು ಅಣ್ಣಾರು ಸಾವಕಾರರ ಪರ ಮಾತಾಡಬೇಕಾಯಿತು. "ಹೊಳಿ ಉಕ್ಕಿ ಬಂದಾಗ ಇವರು ಗೋದಾಮ ತಗದು ಮಂದಿಗೆ ಮಲಗಾಕ ಜಾಗಾ ಕೊಟ್ಟಾರ," ಎಂದರು ಹಲ್ಲು ಕಚ್ಚಿ.

"ಸೀರಿನೂ ಹಂಚೀನಿ," ಎಂದರು ಸಾವಕಾರರು.

"ಹೌದು, ಸೀರಿನೂ ಹಂಚ್ಯಾರ. ನನ್ನ ಹೇಂತಿಗೂ ಕೊಟ್ಟಾರ." ಅಣ್ಣಾರ ದನಿ ಮೆತ್ತಗಾಯಿತು.

ಆಮೇಲೆ ಸಾವಕಾರರು ಎದ್ದು, ಓಣಿಯ ಗಟಾರ ತುಂಬಿ ಹರಿದಾಗ ಅಣ್ಣಾರು ತಾವೇ ಸಲಿಕೆ ಹಿಡಿದು ಇಳಿದದ್ದನ್ನು ಹೇಳಿದರು. ಹೇಳುತ್ತ ಹೇಳುತ್ತ ತಾವೇ ಕರಗಿಹೋದರು. ಎರಡು ಗಂಟೆಯ ಹೊತ್ತಿಗೆ ಇಬ್ಬರಿಗೂ ಎದುರಿನವನೇ ಯೋಗ್ಯ ಎಂಬುದು ಖಾತ್ರಿಯಾಯಿತು. "ನೀವ ನಿಂದರ್ರಿ!" "ಛೇ ಛೇ, ನೀವ!" ಮಾತಿಗೆ ಮಾತು ಬೆಳೆದು ಒಬ್ಬರ ಕಾಲರು ಒಬ್ಬರು ಹಿಡಿದರು.

"ಟಿಕೆಟ್ ತಗೋತಿಯೋ, ಒದೀಲ್ಯೋ!" ಎಂದು ಸಾವಕಾರರು ಗದರಿದರು.

ಹಿಡಿದ ಕಾಲರು ಬಿಡದೆಯೇ ಅಣ್ಣಾರು ಥಟ್ಟನೆ ಕಾಕಾನ ಕಡೆ ತಿರುಗಿದರು. "ಇಬ್ರೂ ಬ್ಯಾಡ. ಕಾಕಾರನ್ನ ನಿಲ್ಲಸೂಣು!"

"ನನ್ನ ಬಾಯಾಗಿನ ಮಾತ ಕಸಗೊಂಡ್ರಿ ನೋಡ್ರಿ!" ಎಂದರು ಸಾವಕಾರರು. ಪಡಸಾಲೆಯ ಕೈಗಳೆಲ್ಲ ಮೇಲೆದ್ದವು. ಒಂದು ಕೈ ಮಾತ್ರ ಏಳಲಿಲ್ಲ.

"ನಾ ಒಪ್ಪಾಂಗಿಲ್ಲ," ಎಂದ ಕಾಕಾ.

ಆಗಲೇ ಮೂರೂವರೆ. ಸಾವಕಾರರು ಮುಗುಳ್ನಕ್ಕರು. "ವಿರೋಧ ಮಾಡ್ರಿ ಕಾಕಾ, ಬ್ಯಾಡ ಅನ್ನಂಗಿಲ್ಲ. ಆದರ ಮದಲ ನಮ್ಮ ಮಾತ ನೀವು ಹೇಳ್ರಿ. ನಾವು ಹೌದ ಅಂದಮ್ಯಾಲ ನಿಮ್ಮದು."

ಕಾಕಾ ಎದ್ದು ನಿಂತ. "ಇವರು ಹೇಳೂದೇನಂದ್ರ, ಇಬ್ರೂ ಬಡದಾಡಾಕತ್ತಾರ, ಅದಕ್ಕ ಖಾಲಿ ಕುಂತ ಈ ಮುದುಕನ್ನ ನಿಲ್ಲಸೂಣು ಅಂತ."

"ಅಲ್ಲ! ನಾವು ಹಂಗ ಅಂದಿಲ್ಲ!"

"ಈ ಮನಷ್ಯಾ ಜಮಖಾನಿ ಬರೋಬ್ಬರಿ ಹಾಸತಾನ ಅಂತ."

"ಅಲ್ಲ ಕಾಕಾ, ಅಲ್ಲ!" ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಊರವರ ಮಾತನ್ನೆಲ್ಲ ಅವರಿಗಿಂತ ಚೆಂದ ಹೇಳುತ್ತಿದ್ದವನಿಗೆ ಇದೊಂದು ಮಾತು ನಾಲಿಗೆಗೆ ಬರಲೊಲ್ಲದು. ಬೆವರು ಒರೆಸಿಕೊಂಡ. ನೆಲ ನೋಡುತ್ತ ಮೆಲ್ಲಗೆ ಹೇಳಿದ.

"ಈ ಮನಷ್ಯಾ… ನಮ್ಮ ಎಲ್ಲಾರ ಮಾತೂ ಕೇಳ್ಯಾನ. ಯಾರನ್ನೂ ಹೊರಗ ಇಟ್ಟಿಲ್ಲ. ಅದಕ್ಕ… ಇವ ನಮಗ ಬೇಕು."

"ಬೇಕು" ಅನ್ನುವಾಗ ದನಿ ಒಡೆಯಿತು. ಯಾರೂ ನಗಲಿಲ್ಲ.

"ಹೌದ್ರಿ ಕಾಕಾ," ಎಂದರು ಅಣ್ಣಾರು. "ಇದನ್ನ ನಾವು ಹೇಳಿದ್ದು."

ಇನ್ನು ವಿರೋಧಿಸುವ ಹಕ್ಕು ಕಾಕಾನಿಗೆ ಬಂತು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಬಾಯಿ ತೆರೆದ. ಕರೆಂಟ್ ಬಂತು! ಗೋಡೆಯಾಚೆ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು. ಕಾಕಾ ಕೈ ಆಡಿಸಿದ, ಏನೇನೋ ಕೂಗಿದ. ಕರೆಂಟ್ ಬಂದ ಮೇಲಿನ ಮಾತು ಲೆಕ್ಕಕ್ಕಿಲ್ಲವಲ್ಲ? ನಾನು "ಸರ್ವಾನುಮತದಿಂದ" ಎಂದು ಬರೆದು, ಮೊದಲ ಸಲ ಆ ವಾಕ್ಯವನ್ನು ಕೊನೆಮುಟ್ಟಿಸಿದೆ.

ಕಾಕಾ ಕೈ ಇಳಿಸಿ ಬಾಗಿಲ ಕಡೆ ನೋಡಿದ. ಮುಂಜಾನೆಯಿಂದ ಎಂಟು ಸಲ ಬಿಸಿ ಮಾಡಿದ ಚಹಾದ ಕಿಟ್ಲಿ ಹಿಡಿದು ಕಾಕು ಅಲ್ಲೇ ನಿಂತಿದ್ದಳು. ಆ ಸಪ್ಪಳದಲ್ಲಿ ಕಾಕಾನ ತುಟಿ ಅಲುಗಿತು. ತುಟಿ ಓದಲು ನನಗೂ ಬರುತ್ತದೆ. "ಕೇಳಿದೇನ?" ಎಂದಿದ್ದ.

"ಕೇಳೀನ್ರಿ," ಎಂದವು ಕಾಕುವಿನ ತುಟಿಗಳು. "ಎಲ್ಲಾ ಕೇಳೀನಿ."

ಆಮೇಲೆ ಆಕೆ ಕಪ್ಪಿನಲ್ಲಿ ಚಹಾ ಸುರಿದು, ಸಾವಕಾರರನ್ನೂ ಅಣ್ಣಾರನ್ನೂ ದಾಟಿಕೊಂಡು ಬಂದು, ಮೊದಲನೆಯ ಕಪ್ಪನ್ನು ಕಾಕಾನ ಕೈಗೆ ಕೊಟ್ಟಳು.