ಹಾಸಿಗೆ ಗೋಡೌನಿನಲ್ಲಿ ಕೊನೇ ಆಲ್ಬಮ್

ಗುಂಡ್ಲುಪೇಟೆಯಲ್ಲಿ ಹತ್ತಿ ಹಾಸಿಗೆ ಹೊಲಿದುಕೊಂಡು ತೆಪ್ಪಗಿರೋನು ನಾನು. ಆದರೂ ಇಂಥವೆಲ್ಲ ನನ್ನ ಅಂಗಡಿ ಹುಡುಕಿಕೊಂಡೇ ಬರ್ತವೆ.

೧. ಸ್ಟುಡಿಯೋ

ಆಗ ಸಿ.ಡಿ. ಕಾಲ. ನನ್ನ ಹೆಂಡತಿಯ ತಮ್ಮ ಒಂದು ಹೆವಿ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ ಹೊಡೀತಿದ್ದ. ಒಂದಿನ ಬಂದು ಗೋಡೌನ್ ಕೇಳಿದ. ಸುತ್ತ ಹಾಸಿಗೆ ಇದ್ದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರೋದಿಲ್ಲವಂತೆ, ರೆಕಾರ್ಡಿಂಗ್ ಚೊಕ್ಕವಾಗಿ ಬರ್ತದಂತೆ. ಹೆಂಡತಿ ತಮ್ಮನಿಗೆ ಇಲ್ಲ ಅನ್ನೋ ಗಂಡಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಇದು ಕೊನೇ ಆಲ್ಬಮ್ ಅಂತ ಮೊದಲೇ ಹೇಳಿದ್ರು. ಹಾಡೋ ಹುಡುಗನಿಗೆ ಸಂತೆಮರಹಳ್ಳಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗ ಹಾಡೋದು ಬಿಟ್ಟಾಯ್ತು ಅಂತ ಮದುವೆ ದಲ್ಲಾಳಿ ಹೆಣ್ಣಿನಪ್ಪನಿಗೆ ಮಾತು ಕೊಟ್ಟುಬಿಟ್ಟಿದ್ದ. ಗೊತ್ತಾದರೆ ಸಂಬಂಧ ಮುರೀತದೆ. ಹುಡುಗಿ ಅಂದರೆ ಅವನಿಗೆ ಪ್ರಾಣ. ಹಾಡು ಅಂದರೂ ಪ್ರಾಣ. ಪಾಪ, ಇರೋದು ಒಂದೇ ಪ್ರಾಣ.

೨. ವ್ಯಾಪಾರ

ಅವರಿಗೆ ಸ್ಟುಡಿಯೋ ಆದರೂ ನನಗದು ಅಂಗಡಿ ತಾನೆ. ಹಂಗಳದ ಮೇಷ್ಟ್ರೊಬ್ಬರು ಬಂದು, ಗೋಡೆಗೆ ಒರಗಿಸಿದ್ದ ಡಬಲ್ ಹಾಸಿಗೆಯೇ ಬೇಕು ಅಂತ ಹಟ ಹಿಡಿದ್ರು. ಗಿಟಾರಿನವನು ಬಾರಿಸ್ತಿದ್ದ ಹಾಗೇ ಎತ್ತಿಕೊಟ್ಟೆ. ಈಗಲೂ ಆ ಸಿ.ಡಿ. ಹಾಕಿ ಕೇಳಿ, ಎರಡನೇ ಹಾಡಿನ ನಡುವೆ ಇದ್ದಕ್ಕಿದ್ದಂತೆ ಬಾವಿಯೊಳಗೆ ಕೂತು ನುಡಿಸಿದ ಹಾಗೆ ಕೇಳಿಸ್ತದೆ. ಕೇಳಿದವರು ಅದನ್ನ ಕಲೆ ಅಂತಾರೆ. ಅದು ಮೇಷ್ಟ್ರ ಹಾಸಿಗೆ.

೩. ಅಮ್ಮಿಯ ಇಲಾಜು

ನಮ್ಮ ಅಮ್ಮಿ ಚಾ ತಂದಾಗ ಹುಡುಗ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಕೂಗ್ತಿದ್ದ. ಅಮ್ಮಿ ಲೋಟ ಕೆಳಗಿಟ್ಟು, ಅವನ ತಲೆ ಮೇಲೆ ಕೈಯಿಟ್ಟು ದುವಾ ಓದಿ ಊದಿದಳು. ಜೇನು ಕಲಸಿದ ನೀರು ಕುಡಿಸಿದಳು. ಗಂಟಲು ಸಡಿಲವಾಗಿ ಮಾರನೇ ದಿನ ಅವನು ಇನ್ನೂ ಜೋರಾಗಿ ಕೂಗಿದ. ಅಮ್ಮಿಗೆ ಬಹಳ ಸಮಾಧಾನ. ಒಳಗಿರೋದು ಬಿಟ್ಟು ಹೋಗ್ತಾ ಇದೆಯಂತೆ.

೪. ಕೊನೇ ಹಾಡು

ನಮ್ಮ ಕಡೆ ಮದುವೆಗೆ ಹಾಸಿಗೆ ಕೊಡೋದು ಹೆಣ್ಣಿನ ಕಡೆಯವರು. ಒಳ್ಳೆ ಹಾಸಿಗೆ ಬೇಕು ಅಂದರೆ ಜನ ನನ್ನ ಅಂಗಡಿಗೇ ಬರ್ತಾರೆ. ಇದು ನಮಗೆ ಮೊದಲೇ ಹೊಳೀಬೇಕಿತ್ತು.

ಕೊನೇ ಹಾಡು ನಡೀತಿರುವಾಗ ಬಾಗಿಲಲ್ಲಿ ಹೆಣ್ಣಿನಪ್ಪ, ಹುಡುಗನ ಸಂತೆಮರಹಳ್ಳಿ ಮಾವ ನಿಂತಿದ್ದರು. ಅವರು ಕಣ್ಣು ಕತ್ತಲೆಗೆ ಹೊಂದಿಸಿಕೊಳ್ಳೋ ಹೊತ್ತಿಗೆ ಹುಡುಗ ನೆಲದ ಮೇಲೆ ಒಂದರ ಮೇಲೊಂದು ಹಾಕಿದ್ದ ಎರಡು ಹಾಸಿಗೆ ನಡುವೆ ತೂರಿಕೊಂಡ. ನನ್ನ ಬಾಮೈದ ಗಾಬರಿಯಲ್ಲಿ ರೆಕಾರ್ಡಿಂಗ್ ನಿಲ್ಲಿಸೋದು ಮರೆತ.

ಹಾಸಿಗೆಯನ್ನ ಕೈಯಲ್ಲಿ ಒತ್ತಿ ನೋಡೋರಿದ್ದಾರೆ. ಮಾವ ಒಳ್ಳೇ ದಪ್ಪ ಆಳು, ಅದೇ ಹಾಸಿಗೆ ಮೇಲೆ ಧಡ್ ಅಂತ ಕೂತೇ ನೋಡಿದರು. ಆಗ ಬಂದ ಕೂಗನ್ನ ಆ ಹುಡುಗ ಹಿಂದಿನ ಯಾವ ಆಲ್ಬಮ್ಮಿನಲ್ಲೂ ಕೂಗಿರಲಿಲ್ಲ. ಅದು ಈಗಲೂ ಆ ಹಾಡಿನಲ್ಲಿದೆ.

ಮಾವ ಎದ್ದರು. ಹಾಸಿಗೆಯನ್ನೇ ನೋಡುತ್ತಾ, "ಸಾಬ್ರೇ, ಇದು ಹತ್ತೀದಾ?" ಅಂದರು. ಹೌದು ಅಂದೆ.

"ಹತ್ತಿ ಇಂಗೆ ಕೂಗಕಿಲ್ಲ ಕಣಪ್ಪ."

ಹುಡುಗ ತಲೆತುಂಬ ಹತ್ತಿ ಮೆತ್ತಿಕೊಂಡು ಹೊರಗೆ ಬಂದು ಕಾಲಿಗೆ ಬಿದ್ದ. ಇದೇ ಕೊನೇ ಹಾಡು, ಇನ್ನು ಬಾಯಿ ಬಿಡೋದಿಲ್ಲ ಮಾವ ಅಂತ ಅತ್ತೇಬಿಟ್ಟ. ಮಾವ ಹಾಡು ಹಾಕಿಸಿ, ನೆಲ ನೋಡುತ್ತಾ ಪೂರ್ತಿ ಕೇಳಿದರು. ಆಮೇಲೆ ಬೀದಿಗೆ ಕೇಳಿಸ್ತದಾ ಅಂತ ನನ್ನನ್ನ ವಿಚಾರಿಸಿದರು. ಇಷ್ಟು ಹಾಸಿಗೆ ಇರುವಾಗ ಎಲ್ಲಿ ಕೇಳಿಸ್ತದೆ ಅಂದೆ. ನಾಲ್ಕೂ ಗೋಡೆ ನಿಧಾನವಾಗಿ ನೋಡಿದರು.

"ನೀವು ಹಾಡ ಬುಟ್ರಿ ಅಂತ ದಲ್ಲಾಳಿ ಅಂದಾಗಿಂದ ನಮ್ ಹುಡ್ಗಿ ಸರ್ಯಾಗಿ ಉಂಡಿಲ್ಲ ಅಳಿಯಂದ್ರೇ. ಹಾಡೋರು ಅಂತಲೇ ಅವಳು ಒಪ್ಕಂಡಿದ್ದು."

ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಒಂದು ಹಾಸ್ಗೆ ಅಂತ ಬಂದಿದ್ದೆ ಸಾಬ್ರೇ. ಇಪ್ಪತ್ತು ಹೊಲ್ದುಬುಡಿ. ಒಂದು ಮಲಗಾಕೆ, ಮಿಕ್ಕಿದ್ದು ಗೋಡೆಗೆ."